ಚಿನ್ನದ ರೇಕಿಗೆ ಒದ್ದೆ ಬಟ್ಟೆ ಬೇಡ

ಲಂಡನ್ನಿನ ಹರಾಜಿನಲ್ಲಿ ಕೊಂಡ ಮೇಜು ಮಂಕಾಗಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಚಿನ್ನದ ಬಣ್ಣ ಬಳಿಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಮಾಡಬೇಡಿ.

ರೆಕ್ಕೆ ಬಿಚ್ಚಿದ ಹದ್ದು ಅಮೃತಶಿಲೆಯ ಹಲಗೆ ಹೊತ್ತಿರುವ ಈ ಮಾದರಿ ವಿಲಿಯಂ ಕೆಂಟ್ (1685–1748) ಕಾಲದ್ದು. ಚಿಸ್ವಿಕ್ ಹೌಸ್, ನಾರ್ಫಕ್‌ನ ಹೌಟನ್ ಹಾಲ್‌ಗಳ ಒಳಾಂಗಣವನ್ನು ರೂಪಿಸಿದವನು ಅವನೇ. ಆದರೆ ಈ ಶೈಲಿಯ ನಕಲುಗಳು ಮುಂದೆಯೂ ಬಂದವು. ಹಿಂಬದಿಯ ಮರಕ್ಕೆ ಟಾರ್ಚ್ ಹಿಡಿದು ನೋಡಿ: ಗರಗಸದ ಗುರುತು ಕಮಾನಿನಂತೆ ಬಾಗಿದ್ದರೆ ಅದು ಚಕ್ರಗರಗಸದ ಕೆಲಸ, ಬಹುಶಃ 19ನೇ ಶತಮಾನದ್ದು ಅಥವಾ ಇನ್ನೂ ಈಚಿನದು.

ಒದ್ದೆ ಬಟ್ಟೆ ಯಾಕೆ ಬೇಡವೆಂದರೆ, ಇಂಥ ಮೇಜಿನಲ್ಲಿ ಕೆತ್ತಿದ ಮರದ ಮೇಲೆ ಸೀಮೆಸುಣ್ಣ, ಪ್ರಾಣಿಜನ್ಯ ಅಂಟು ಕಲಸಿದ ಗೆಸ್ಸೊ, ಅದರ ಮೇಲೆ ನುಣ್ಣನೆಯ ಕೆಂಪು ಜೇಡಿ, ಆಮೇಲೆ ಚಿನ್ನದ ರೇಕು. ಮೈಸೂರು ಚಿತ್ರಕಲೆ ಬಲ್ಲವರಿಗೆ ಗೆಸ್ಸೊ, ರೇಕು ಹೊಸತಲ್ಲ. ನೀರು ತಾಗಿದರೆ ಈ ಅಂಟು ಕರಗಿ ಚಿನ್ನ ಬಟ್ಟೆಗೇ ಬರುತ್ತದೆ. ಹದ್ದಿನ ಕೊಕ್ಕು, ರೆಕ್ಕೆಯಂಚುಗಳಲ್ಲಿ ಇಣುಕುವ ಕೆಂಪು, ಸವೆದು ಹೊರಬಂದ ಆ ಜೇಡಿಯೇ. ಅದು ದೋಷವಲ್ಲ; ನನ್ನ ಕಣ್ಣಿಗಂತೂ ಅದೇ ಚೆಂದ. ಅಂಗಡಿಯ ಚಿನ್ನದ ಬಣ್ಣದಲ್ಲಿರುವುದು ಸಾಮಾನ್ಯವಾಗಿ ಹಿತ್ತಾಳೆಯಂಥ ಲೋಹದ ಪುಡಿ, ವರ್ಷ ಕಳೆದಂತೆ ಕಂದಾಗುತ್ತದೆ. ಕೆಳಗಿನ ಅಸಲಿ ರೇಕನ್ನು ಕೆಡಿಸದೆ ಅದನ್ನು ಕೀಳುವುದು ಬಹಳ ಕಷ್ಟ.

ಮೇಜನ್ನು ಹೀಟರ್‌ನಿಂದ ದೂರ ಸರಿಸಿ. ಒಣಗಾಳಿಗೆ ಮರ ಕುಗ್ಗಿ ಗೆಸ್ಸೊ ಬಿರಿಯುತ್ತದೆ. ಪದರ ಗಟ್ಟಿಯಾಗಿರುವ ಕಡೆ ಮಾತ್ರ ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆಯಿರಿ. ಚೂರು ಉದುರಿದರೆ ಎಸೆಯದೆ ಡಬ್ಬಿಯಲ್ಲಿಟ್ಟು, ಗಿಲ್ಡಿಂಗ್ (ಚಿನ್ನದ ರೇಕಿನ ಕೆಲಸ) ಸಂರಕ್ಷಣೆ ಬಲ್ಲವರಿಗೆ ಮೇಜಿನ ಜೊತೆಗೇ ಕೊಡಿ.