ನೆಲೆ ಮತ್ತು ನೆರೆ: ಬೈಲಕುಪ್ಪೆಯ ಟಿಬೆಟನ್ನರು

ಅಗ್ರಹಾರವೆಂಬುದು ಮೂಲತಃ ದತ್ತಿಗೆ ಸಂಬಂಧಿಸಿದ ಪದ. ವಿದ್ಯಾವಂತರಾದ ಬ್ರಾಹ್ಮಣ ಕುಟುಂಬಗಳಿಗೆ ಅರಸರು ಭೂಮಿಯನ್ನು ಬಿಟ್ಟುಕೊಟ್ಟು ನೆಲೆಗೊಳಿಸಿದ ಊರುಗಳಿಗೆ ಈ ಹೆಸರು ಸಂದಿತು. ಹೊಸ ಅಗ್ರಹಾರದಂತಹ ಊರುಗಳ ಹೆಸರಿನಲ್ಲೇ, ಹೊರಗಿನಿಂದ ಬಂದವರಿಗೆ ನೆಲವನ್ನು ಕೊಟ್ಟು ನಿಲ್ಲಿಸಿಕೊಳ್ಳುವ ಹಳೆಯ ಪದ್ಧತಿಯ ನೆನಪಿದೆ. ಕೃಷ್ಣರಾಜನಗರವಂತೂ ಪೂರ್ತಿಯಾಗಿ ಪುನರ್ವಸತಿಯ ಪಟ್ಟಣವೇ ಸರಿ. ಕಾವೇರಿಯ ಪ್ರವಾಹಕ್ಕೆ ಸಿಕ್ಕಿ ನಲುಗಿದ ಎಡತೊರೆಯ ಜನರಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅದು ನಿರ್ಮಾಣವಾಯಿತು. ಇಂತಹ ಸೀಮೆಯಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಡೆದ ಅತಿ ದೊಡ್ಡ ನೆಲೆಗೊಳಿಸುವಿಕೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯದು.

೧೯೫೯ರ ಮಾರ್ಚ್ ತಿಂಗಳಿನಲ್ಲಿ ಲಾಸಾದಲ್ಲಿ ದಂಗೆಯೆದ್ದಾಗ ಹದಿನಾಲ್ಕನೆಯ ದಲೈ ಲಾಮಾ ಅವರು ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಹಸ್ರಾರು ಟಿಬೆಟನ್ನರು ಬಂದರು. ಗುಡ್ಡಗಾಡಿನಲ್ಲಿ ರಸ್ತೆ ಕಡಿಯುವ ಕೂಲಿಯೇ ಅನೇಕರಿಗೆ ಮೊದಲ ಜೀವನೋಪಾಯವಾಯಿತು. ಅವರನ್ನು ಒಟ್ಟಾಗಿ ನೆಲೆಗೊಳಿಸಲು ಭೂಮಿ ಬೇಕೆಂದು ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೋರಿದಾಗ ಮೈಸೂರು ರಾಜ್ಯವು ಮುಂದೆ ಬಂದು ಬೈಲಕುಪ್ಪೆಯ ಬಳಿ ಸುಮಾರು ೩,೦೦೦ ಎಕರೆ ಕಾಡುನೆಲವನ್ನು ನೀಡಿತು. ಈ ಔದಾರ್ಯದ ಕೀರ್ತಿಯನ್ನು ಸಾಮಾನ್ಯವಾಗಿ ಎಸ್. ನಿಜಲಿಂಗಪ್ಪನವರೊಬ್ಬರಿಗೇ ಸಲ್ಲಿಸುವುದುಂಟು, ದಲೈ ಲಾಮಾ ಅವರೂ ನಿಜಲಿಂಗಪ್ಪನವರನ್ನು ಹಲವು ಬಾರಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಆದರೆ ೧೯೫೮ರಿಂದ ೧೯೬೨ರವರೆಗೆ ಮುಖ್ಯಮಂತ್ರಿಗಳಾಗಿದ್ದವರು ಬಿ. ಡಿ. ಜತ್ತಿಯವರು. ಮೊದಲ ತಂಡವು ೧೯೬೦ರ ಕೊನೆಯಲ್ಲಿ ಬೈಲಕುಪ್ಪೆಗೆ ಬಂದಿಳಿದದ್ದು ಅವರ ಆಡಳಿತಾವಧಿಯಲ್ಲಿ. ೧೯೬೬ರ ಮುಂಡಗೋಡಿನ ವಸತಿ ನಿಜಲಿಂಗಪ್ಪನವರ ಎರಡನೆಯ ಅವಧಿಯದು. ಇಬ್ಬರ ಹೆಸರನ್ನೂ ಜೊತೆಯಲ್ಲಿ ನೆನೆಯುವುದು ನ್ಯಾಯ.

ಬಂದವರಿಗೆ ದೊರೆತದ್ದು ಸಿದ್ಧವಾದ ಹೊಲವಲ್ಲ. ಬಿದಿರು ಮೆಳೆ ಬೆಳೆದ, ಆನೆ ಓಡಾಡುವ ಕಾಡು ಅದು. ಹಿಮದ ನಾಡಿನಲ್ಲಿ ಯಾಕ್ ಮೇಯಿಸಿ, ಬಾರ್ಲಿ ಬೆಳೆದು ಬದುಕಿದ್ದವರು ಮರ ಕಡಿದು, ಪೊದೆ ಸುಟ್ಟು, ಆ ಬೆಂಕಿಯ ಕಾವಿನೊಡನೆ ದಕ್ಷಿಣದ ಬಿಸಿಲನ್ನೂ ಸಹಿಸಬೇಕಾಯಿತು. ರೋಗಕ್ಕೂ ಕಾಡುಪ್ರಾಣಿಗಳಿಗೂ ಬಲಿಯಾದವರಿದ್ದರು. ಈ ಮೊದಲ ವಸತಿಗೆ ಅವರಿಟ್ಟ ಹೆಸರು ಲುಗ್ಸುಂಗ್ ಸಮ್ದುಪ್ಲಿಂಗ್; ಧರ್ಮ ಮತ್ತು ಲೌಕಿಕವೆಂಬ ಎರಡು ಮಾರ್ಗಗಳೂ ಇಷ್ಟಾರ್ಥವೂ ಕೂಡಿ ಸಿದ್ಧಿಸುವ ಸ್ಥಳವೆಂದು ಅದರ ಆಶಯ. ಸುತ್ತಲಿನ ಜನ ಮಾತ್ರ ಅದನ್ನು 'ಕ್ಯಾಂಪ್' ಎಂದೇ ಕರೆದರು. ಒಂದನೆಯ ಕ್ಯಾಂಪ್, ನಾಲ್ಕನೆಯ ಕ್ಯಾಂಪ್ ಎಂಬ ಎಣಿಕೆ ಕುಶಾಲನಗರದ ಆಟೋ ನಿಲ್ದಾಣದಲ್ಲಿ ಇಂದಿಗೂ ನಡೆಯುತ್ತದೆ. ಅರವತ್ತು ವರ್ಷಕ್ಕೂ ಮಿಕ್ಕಿ ನೆಲೆಸಿದ ಜನರ ಊರಿಗೆ ಬಿಡಾರದ ಹೆಸರೇ ಉಳಿದುಬಂದಿದೆ. ಇದರಲ್ಲಿ ನೆರೆಯವರ ಅನಾದರವನ್ನಷ್ಟೇ ಕಾಣುವುದು ಸರಿಯಲ್ಲ. ಎಂದಾದರೊಂದು ದಿನ ಮರಳಿ ಹೋಗುವೆವೆಂಬ ಟಿಬೆಟನ್ನರ ಸ್ವಂತ ಆಸೆಗೂ ಆ ಹೆಸರು ಒಗ್ಗಿತ್ತು.

೧೯೬೯ರಲ್ಲಿ ಬೈಲಕುಪ್ಪೆಯಲ್ಲೇ ಡಿಕ್ಕಿ ಲಾರ್ಸೋ ಎಂಬ ಎರಡನೆಯ ವಸತಿಯೂ, ೧೯೭೨ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗೇಲಿಂಗ್ ವಸತಿಯೂ ಆದವು. ನಿರಾಶ್ರಿತರ ಪುನರ್ವಸತಿಗೆಂದೇ ೧೯೬೮ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯು ಮುಂದೆ ಕರ್ನಾಟಕದ ಗ್ರಾಮೀಣ ಸ್ವಸಹಾಯ ಗುಂಪುಗಳ ಕೆಲಸಕ್ಕೆ ಹೆಸರಾಯಿತು. ಪರದೇಶದವರಿಗಾಗಿ ಆರಂಭಿಸಿದ ಸೇವೆ ಹೀಗೆ ಈ ನಾಡಿನವರಿಗೇ ಒದಗಿ ಬಂದದ್ದು ಸಂತೋಷದ ವಿಷಯ.

ಮಳೆಯಾಶ್ರಿತ ನೆಲದಲ್ಲಿ ಟಿಬೆಟನ್ನರು ಮುಸುಕಿನ ಜೋಳವನ್ನು ಮುಖ್ಯ ಬೆಳೆಯಾಗಿ ಹಿಡಿದರು. ಸಹಕಾರ ಸಂಘವೂ ಟ್ರಾಕ್ಟರುಗಳೂ ಅವರಿಗೆ ನೆರವಾದವು. ಆದರೆ ಹಂಚಿದ ಭೂಮಿ ಬೆಳೆಯಲಿಲ್ಲ, ಮನೆಮಂದಿ ಬೆಳೆದರು. ಆದುದರಿಂದ ಸುಗ್ಗಿ ಮುಗಿದೊಡನೆ ನಗರಗಳ ಬೀದಿಗಳಲ್ಲಿ ಉಣ್ಣೆಬಟ್ಟೆಯ ವ್ಯಾಪಾರ ಅನಿವಾರ್ಯವಾಯಿತು. ಆ ಸ್ವೆಟರುಗಳನ್ನು ಅವರೇ ಹೆಣೆಯುತ್ತಾರೆಂದು ಕೊಳ್ಳುವವರು ನಂಬಿದ್ದರೂ, ಬಹುಪಾಲು ಮಾಲು ಬರುವುದು ಲೂಧಿಯಾನದ ಗಿರಣಿಗಳಿಂದ. ಸುತ್ತಲಿನ ಹಳ್ಳಿಯವರಿಗೆ ಈ ಹೊಲಗಳಲ್ಲಿ ಕೂಲಿ ದೊರೆಯಿತು, ಅಂಗಡಿಕಾರರಿಗೆ ಗಿರಾಕಿಗಳು ದೊರೆತರು. ಪರದೇಶಗಳಿಂದ ಅವರಿಗೆ ಬಂದ ನೆರವನ್ನು ಕಂಡು ಅಸೂಯೆಯೂ ಇತ್ತು, ಅದನ್ನು ಮುಚ್ಚಿಡಬೇಕಾದುದಿಲ್ಲ.

ಪೆನೋರ್ ರಿನ್‌ಪೋಚೆಯವರು ೧೯೬೩ರಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ವಿಹಾರ, ಲಾಸಾದ ಸೇರಾ ಮಹಾವಿಹಾರದ ಪುನಃಸ್ಥಾಪನೆ, ತಾಶಿ ಲ್ಹುಂಪೋ, ಹುಣಸೂರಿನ ಗ್ಯುಡ್ಮೇ ತಾಂತ್ರಿಕ ವಿದ್ಯಾಲಯ — ಇವೆಲ್ಲ ಒಂದು ಜಿಲ್ಲೆಯಲ್ಲಿ ಕೂಡಿವೆ. ಮಠದಲ್ಲಿದ್ದು ಅನ್ನ ಮತ್ತು ಅಕ್ಷರಗಳೆರಡನ್ನೂ ಪಡೆಯುವ ಬಾಲಕರ ಜೀವನಕ್ರಮ ಕನ್ನಡ ನಾಡಿಗೆ ಅಪರಿಚಿತವಲ್ಲವಾದುದರಿಂದ, ಈ ವಿಹಾರಗಳನ್ನು ಅರಿಯುವುದು ಇಲ್ಲಿನವರಿಗೆ ಸುಲಭವಾಗಬೇಕಿತ್ತು. ಆದರೆ ೧೯೯೯ರಲ್ಲಿ ನಾಮ್‌ಡ್ರೋಲಿಂಗ್‌ನ ಸ್ವರ್ಣಮಂದಿರವು ಉದ್ಘಾಟನೆಯಾದ ಮೇಲೆ ಬಹುಮಂದಿ ಅಲ್ಲಿಗೆ ಹೋಗುವುದು ಪ್ರತಿಮೆಗಳನ್ನು ನೋಡಿ ಭಾವಚಿತ್ರ ತೆಗೆಸಿಕೊಳ್ಳುವುದಕ್ಕೆ. ಪಕ್ಕದ ಪಾಠಶಾಲೆಯಲ್ಲಿ ಚಪ್ಪಾಳೆ ತಟ್ಟಿ ತರ್ಕ ಹೂಡುವ ಭಿಕ್ಷುಗಳ ವಾದವಿದ್ಯೆ ನಲಂದೆಯ ಪರಂಪರೆಯದೆಂದು ವಿಚಾರಿಸಿ ಬರುವವರು ವಿರಳ.

ಭಾರತವು ೧೯೫೧ರ ವಿಶ್ವಸಂಸ್ಥೆಯ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದಕಾರಣ ಟಿಬೆಟನ್ನರ ವಾಸವು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರದ ಮೇಲೆ ನಿಂತಿದೆ. ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ರೊಳಗೆ ಭಾರತದಲ್ಲಿ ಜನಿಸಿದವರು ಜನ್ಮತಃ ಪೌರರು. ಈ ನಿಯಮವು ಟಿಬೆಟನ್ನರಿಗೂ ಅನ್ವಯಿಸುವುದೆಂದು ೨೦೧೦ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ ೨೦೧೩ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ತೀರ್ಪಿತ್ತವು. ೨೦೧೪ರಲ್ಲಿ ಚುನಾವಣಾ ಆಯೋಗವು ಅವರನ್ನು ಮತದಾರರ ಪಟ್ಟಿಗೆ ಸೇರಿಸುವಂತೆ ಸೂಚಿಸಿತು. ಇದರ ಫಲವಾಗಿ ಒಂದೇ ಮನೆಯಲ್ಲಿ ೧೯೮೬ರಲ್ಲಿ ಹುಟ್ಟಿದ ಅಣ್ಣ ಪೌರ, ೧೯೮೮ರಲ್ಲಿ ಹುಟ್ಟಿದ ತಮ್ಮ ಪರದೇಶಿ ಎಂಬ ವಿಚಿತ್ರ ಸ್ಥಿತಿ ಒದಗಿತು. ಪೌರತ್ವವನ್ನು ಪಡೆದರೆ ಟಿಬೆಟನ್ನರ ಹೋರಾಟವೇ ಸಡಿಲವಾದೀತೆಂದು ಅಂಜುವ ಹಿರಿಯರಿದ್ದಾರೆ. ಪಾಸ್‌ಪೋರ್ಟ್ ಬಯಸುವವರು ವಸತಿಯನ್ನೂ ಸವಲತ್ತುಗಳನ್ನೂ ತೊರೆಯಬೇಕೆಂಬ ೨೦೧೭ರ ಷರತ್ತು ಕಿರಿಯರನ್ನು ಇನ್ನಷ್ಟು ಇಕ್ಕಟ್ಟಿಗೆ ಸಿಲುಕಿಸಿತು. ಹುಟ್ಟಿದ ಮನೆ, ಹುಟ್ಟಿದ ದೇಶ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳೆಂದು ಯಾರಿಗೂ ಹೇಳಬಾರದು.

ಇದೇ ಸೀಮೆಯ ಮತ್ತೊಂದು ಕಥೆಯನ್ನು ಬದಿಗಿಟ್ಟು ಬೈಲಕುಪ್ಪೆಯನ್ನು ಹೊಗಳುವುದು ಅರ್ಧ ಸತ್ಯವಾದೀತು. ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ಕಾಡುಗಳಲ್ಲಿ ತಲೆತಲಾಂತರದಿಂದ ಬಾಳಿದ ಜೇನುಕುರುಬರೂ ಬೆಟ್ಟಕುರುಬರೂ ಕಬಿನಿ ಜಲಾಶಯಕ್ಕಾಗಿಯೂ ನಾಗರಹೊಳೆಯ ವನ್ಯಧಾಮಕ್ಕಾಗಿಯೂ ಹಾಡಿಗಳನ್ನು ಬಿಡಬೇಕಾಯಿತು. ಹಿಮಾಲಯದಾಚೆಯಿಂದ ಬಂದವರಿಗಾಗಿ ಯೋಜನೆ, ಭೂಮಿ, ಶಾಲೆ, ಸಹಕಾರ ಸಂಘಗಳನ್ನು ಸಕಾಲದಲ್ಲಿ ಒದಗಿಸಬಲ್ಲ ಸರ್ಕಾರಕ್ಕೆ ಇಲ್ಲಿಯೇ ಹುಟ್ಟಿದವರಿಗೆ ಅವನ್ನು ಒದಗಿಸಲು ಏಕೆ ಅಷ್ಟು ತಡವಾಯಿತು? ಹುಣಸೂರಿನ ನಾಗಾಪುರದ ಪುನರ್ವಸತಿ ಕೇಂದ್ರವು ರೂಪುಗೊಂಡದ್ದು ೧೯೯೦ರ ದಶಕದ ಕೊನೆಯಲ್ಲಿ. ಅರಣ್ಯ ಹಕ್ಕಿನ ಕಾಯಿದೆ ಬಂದದ್ದು ೨೦೦೬ರಲ್ಲಿ. ಇದು ಟಿಬೆಟನ್ನರ ತಪ್ಪಲ್ಲ. ಅವರಿಗೆ ಕೊಟ್ಟದ್ದು ಹೆಚ್ಚಾಯಿತೆಂದೂ ಅಲ್ಲ.

ಈಚಿನ ವರ್ಷಗಳಲ್ಲಿ ವಸತಿಗಳು ತೆಳುವಾಗುತ್ತಿವೆ. ೨೦೦೮ರ ನಂತರ ಟಿಬೆಟಿನಿಂದ ಹೊಸದಾಗಿ ಬರುವವರ ಸಂಖ್ಯೆ ತೀರ ಇಳಿಯಿತು. ಇಲ್ಲಿ ಓದಿದ ತರುಣರು ಬೆಂಗಳೂರಿಗೂ ಅಲ್ಲಿಂದ ಅಮೆರಿಕ, ಕೆನಡಾಗಳಿಗೂ ಹೋಗುತ್ತಿದ್ದಾರೆ. ಕುಶಾಲನಗರದ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುವ ಮುದುಕಿಯರು ಕ್ಯಾಂಪಿನ ಮನೆಗಳಲ್ಲಿ ಉಳಿದಿದ್ದಾರೆ. ಅವರ ಗಂಡಂದಿರು ಕಡಿದು ಹಸನು ಮಾಡಿದ ಕೆಲವು ಹೊಲಗಳನ್ನು ಈಗ ಸುತ್ತಲಿನ ಹಳ್ಳಿಯ ರೈತರು ಗುತ್ತಿಗೆಗೆ ಹಿಡಿದು ಉಳುತ್ತಾರೆ.