ಹಳೇ ಲ್ಯಾಪ್‌ಟಾಪಿಗೆ ಯಾವ ವ್ಯವಸ್ಥೆ?

ಸಹೋದರಿಯರೇ, ಸಂಘದ ಲೆಕ್ಕ ಬರೆಯಲು ಹಳೇ ಲ್ಯಾಪ್‌ಟಾಪ್ ಕೊಂಡವರು ನಮ್ಮಲ್ಲಿ ಅನೇಕರಿದ್ದೇವೆ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು. ಹಳೇ ಯಂತ್ರಗಳಲ್ಲಿ ಎಷ್ಟೋ ಕಡೆ ಅದಿರೋದಿಲ್ಲ.

ಹಾಗಂತ ಎಸೆಯಬೇಕಾಗಿಲ್ಲ. ಲಿನಕ್ಸ್ ಮಿಂಟ್ ಉಚಿತ, 4 ಜಿಬಿ ರ್‍ಯಾಮ್ ಇದ್ದರೆ ಚೆನ್ನಾಗಿ ಓಡುತ್ತೆ. ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ, ವೈಫೈ, ಪ್ರಿಂಟರ್ ಹಿಡಿಯುತ್ತಾ ನೋಡೋಣ. ಅಷ್ಟಕ್ಕೆ ಒಳಗಿನದ್ದೇನೂ ಅಳಿಯದು. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಅಳಿಸಲು ಒಪ್ಪಿದೆವೋ, ಉಳಿತಾಯ, ಸಾಲದ ಲೆಕ್ಕವೆಲ್ಲ ಹೋದಂತೆಯೇ. ಅದಕ್ಕೇ ಮುಂಚೆ ಫೈಲುಗಳನ್ನು ಬೇರೆ ಪೆನ್‌ಡ್ರೈವಿಗೆ ಹಾಕಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಹೌದು, ತೆರೆದೇ ನೋಡಬೇಕು! ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದರೆ ಆ ಫಾಂಟನ್ನೂ ಜೊತೆಗೆ ತೆಗೆದಿಡಿ. ಇಲ್ಲವಾದರೆ ಸದಸ್ಯೆಯರ ಹೆಸರುಗಳೇ ಓದಲು ಬರೋದಿಲ್ಲ.