ಪರೀಕ್ಷೆ ಮಧ್ಯಾಹ್ನ ಎರಡಕ್ಕೆ, ಓದು ರಾತ್ರಿ ಎರಡಕ್ಕೆ!

ಆರೋಗ್ಯ ಪ್ರಶ್ನೋತ್ತರ

ಉಟ್ಕೂರ್, ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಕಡೆಯ ಕನ್ನಡ ಮನೆಗಳಿಂದ ಬಂದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಸಿ.ಎ. ಓದುವವರ ಕುರಿತೇ ಇವೆ. ಒಮ್ಮೆ ಬರೆದು ಕೈತೊಳೆದುಕೊಳ್ಳುವ ಪರೀಕ್ಷೆ ಇದಲ್ಲ. ಫೌಂಡೇಷನ್‌ನಲ್ಲಿ 4 ಪತ್ರಿಕೆ, ಇಂಟರ್‌ಮೀಡಿಯೆಟ್‌ನಲ್ಲಿ ಎರಡು ಗ್ರೂಪ್ ಸೇರಿ 6, ಆಮೇಲೆ 2 ವರ್ಷದ ಆರ್ಟಿಕಲ್‌ಶಿಪ್ ತರಬೇತಿ, ಕೊನೆಗೆ ಫೈನಲ್‌ನಲ್ಲಿ ಮತ್ತೆ 6. ಒಂದೂ ಸಲ ಎಡವದವರಿಗೂ ಮೂರೂವರೆ ವರ್ಷವಾದರೂ ಬೇಕು. ಎಡವಿದವರಿಗೆ ಎಷ್ಟು ಬೇಕೋ ಅಷ್ಟು. ಪುಸ್ತಕಕ್ಕೆ, ಕೋಚಿಂಗ್‌ಗೆ ಹಣ ಹೊಂದಿಸುವ ಮನೆಯವರು ಓದುವ ಮಗುವಿನ ನಿದ್ರೆ, ರಕ್ತ, ಕಣ್ಣುಗಳ ಲೆಕ್ಕ ಇಡುವುದಿಲ್ಲ. ಹಾಗಾಗಿ ಈ ವಾರದ ಅಂಕಣ ಪೂರ್ತಿ ಇಂಥ ಪರೀಕ್ಷೆಗಳಿಗೆ ಓದುವವರಿಗೇ ಮೀಸಲು.

ಪ್ರಶ್ನೆ: ಫೌಂಡೇಷನ್ ಮುಗಿಸಿ ಇಂಟರ್‌ನ ಎರಡೂ ಗ್ರೂಪ್‌ಗೆ ಒಟ್ಟಿಗೆ ಕೂರುತ್ತಿದ್ದೇನೆ. ಹಗಲಲ್ಲಿ ಮನೆ ತುಂಬ ಜನ, ಮೇಲೆ ಸೆಕೆ. ರಾತ್ರಿ 11ರಿಂದ ಬೆಳಗಿನ 4ರವರೆಗೆ ಓದಿ 10 ಗಂಟೆಗೆ ಏಳುತ್ತೇನೆ. ಆಗ ಚೆನ್ನಾಗಿ ತಲೆಗೆ ಹತ್ತುತ್ತದೆ. ಆದರೆ ಮಾದರಿ ಪರೀಕ್ಷೆ ಬರೆಯಲು ಕೂತಾಗ ಗೊತ್ತಿದ್ದ ಲೆಕ್ಕವೂ ತಪ್ಪುತ್ತದೆ. ಯಾಕೆ? – ಓದುಗ, ಉಟ್ಕೂರ್

ಉತ್ತರ: ನಿಮ್ಮ ಪರೀಕ್ಷೆ ನಡೆಯುವುದು ಮಧ್ಯಾಹ್ನ 2ರಿಂದ 5ರವರೆಗೆ. ಆರೋಗ್ಯವಂತನಿಗೂ ಮಧ್ಯಾಹ್ನ ಒಂದರಿಂದ ಮೂರರ ನಡುವೆ ದೇಹ ತಾನಾಗಿಯೇ ಸ್ವಲ್ಪ ಮಂಕಾಗುತ್ತದೆ. ಊಟವೇ ಇದಕ್ಕೆ ಕಾರಣವೆಂದು ನಾವು ದೂರುತ್ತೇವೆ, ಆದರೆ ಊಟ ಬಿಟ್ಟವರಿಗೂ ಈ ಜೋಂಪು ತಪ್ಪದು. ಅದು ದೇಹದ ಗಡಿಯಾರದ ಗುಣ. ರಾತ್ರಿ ಎರಡಕ್ಕೆ ಚುರುಕಾಗಿರಲು ಆ ಗಡಿಯಾರವನ್ನು ನೀವು ಪಳಗಿಸಿದ್ದೀರಿ. ಮಧ್ಯಾಹ್ನ ಎರಡಕ್ಕೆ ಅದು ನಿಮ್ಮ ಮಾತು ಹೇಗೆ ಕೇಳೀತು?

ಇನ್ನೊಂದು ವಿಷಯ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. ನಿಮ್ಮ ವಯಸ್ಸಿಗೆ 7ರಿಂದ 9 ಗಂಟೆ ನಿದ್ರೆ ಬೇಕು. ಸೆಕೆ, ಗದ್ದಲ, ನೊಣಗಳ ನಡುವೆ ಹಗಲಲ್ಲಿ ಮಲಗಿದ 6 ಗಂಟೆ ರಾತ್ರಿಯ 6 ಗಂಟೆಗೆ ಸಮವಲ್ಲ.

ಒಂದೇ ದಿನಕ್ಕೆ ಬದಲಾಯಿಸಲು ಹೋಗಬೇಡಿ. ಎರಡು–ಮೂರು ದಿನಕ್ಕೊಮ್ಮೆ ಏಳುವ ಸಮಯವನ್ನು ಅರ್ಧ ಗಂಟೆ ಹಿಂದಕ್ಕೆ ತನ್ನಿ. ಎದ್ದ ಕೂಡಲೇ ಮಾಳಿಗೆಗೋ ಅಂಗಳಕ್ಕೋ ಹೋಗಿ ಹದಿನೈದು–ಇಪ್ಪತ್ತು ನಿಮಿಷ ಬೆಳಕಿನಲ್ಲಿ ಓಡಾಡಿ. ಗಡಿಯಾರ ತಿರುಗಿಸುವ ಔಷಧ ಅದೇ. ಚಹಾದ ಕೆಫೀನ್ ಕುಡಿದ ಐದಾರು ಗಂಟೆಯ ನಂತರವೂ ಅರ್ಧದಷ್ಟು ದೇಹದಲ್ಲೇ ಇರುತ್ತದೆ, ಆದ್ದರಿಂದ ಸಂಜೆ 4ರ ನಂತರ ಚಹಾ ಬೇಡ. ಬೇಸಿಗೆಯಲ್ಲಿ ಬೆಳಗಿನ 5ರಿಂದ 10 ಗಂಟೆಯೇ ನಿಮ್ಮ ಕಡೆಯ ತಂಪು ಹೊತ್ತು, ಹೊಸ ಪಾಠಗಳನ್ನು ಆಗ ಓದಿ. ಕೊನೆಯ ಒಂದು ತಿಂಗಳು ಮಾದರಿ ಪತ್ರಿಕೆಗಳನ್ನು ಮಧ್ಯಾಹ್ನ ಸರಿಯಾಗಿ 2ಕ್ಕೇ ಬರೆಯಿರಿ. ಮನೆಯಲ್ಲಿ ಗದ್ದಲವಿದ್ದರೆ ಊರಿನ ಗ್ರಂಥಾಲಯವೋ ಶಾಲೆಯ ಕೋಣೆಯೋ ಸಿಗುತ್ತದೆಯೇ ವಿಚಾರಿಸಿ.

ಪ್ರಶ್ನೆ: ಮಗಳಿಗೆ 20 ವರ್ಷ. ಇಂಟರ್ ಓದುತ್ತಿದ್ದಾಳೆ. ಪುಸ್ತಕ ಹಿಡಿದ ಅರ್ಧ ಗಂಟೆಗೆ ಸುಸ್ತು ಎನ್ನುತ್ತಾಳೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುತ್ತಿದೆ. ಡಬ್ಬಿಯಲ್ಲಿ ಹಸಿ ಅಕ್ಕಿ ಇಟ್ಟುಕೊಂಡು ಓದುತ್ತಾ ತಿನ್ನುತ್ತಾಳೆ. ದಿನಕ್ಕೆ ಆರೇಳು ಸಲ ಚಹಾ. ಓದಲು ಸೋಮಾರಿತನವೆಂದು ಅವಳ ತಂದೆ ಬೈಯುತ್ತಾರೆ. – ಒಬ್ಬ ತಾಯಿ, ಮಕ್ತಲ್

ಉತ್ತರ: ತಂದೆಯವರು ಬೈಯುವುದನ್ನು ನಿಲ್ಲಿಸಿ ಮಗಳನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಲಿ. ನೀವು ಬರೆದ ಲಕ್ಷಣಗಳಲ್ಲಿ ನನ್ನ ಗಮನ ಸೆಳೆದದ್ದು ಹಸಿ ಅಕ್ಕಿ. ಅಕ್ಕಿ, ಬಳಪ, ಮಣ್ಣು ತಿನ್ನಬೇಕೆನಿಸುವುದು ಕಬ್ಬಿಣಾಂಶದ ಕೊರತೆಯಲ್ಲಿ ಮೇಲಿಂದ ಮೇಲೆ ಕಾಣುವ ಗುರುತು. ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಸಾಧ್ಯವಾದರೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದಾಗಲೂ ಕಬ್ಬಿಣದ ಸಂಗ್ರಹ ಬರಿದಾಗಿರಬಹುದು, ಆಗಲೂ ಸುಸ್ತು ಮತ್ತು ಗಮನ ನಿಲ್ಲದಿರುವ ತೊಂದರೆ ಬರುತ್ತದೆ. ಥೈರಾಯ್ಡ್ ಕೂಡ ಒಮ್ಮೆ ನೋಡಲಿ.

ಮುಟ್ಟಿನ ಸ್ರಾವ ಹೆಚ್ಚೇ ಎಂದು ತಾಯಿಯಾದ ನೀವೇ ಕೇಳಿ ತಿಳಿಯಿರಿ. ಏಳು ದಿನಕ್ಕೂ ಮೀರಿ ಹೋಗುತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಕಾರಣ ಹಾಗೇ ಉಳಿದರೆ ಮಾತ್ರೆ ನುಂಗಿದ್ದೂ ವ್ಯರ್ಥ.

ಇನ್ನು ಚಹಾ. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕುಡಿದ ಚಹಾ ಆಹಾರದ ಕಬ್ಬಿಣವನ್ನು ಹೀರದಂತೆ ತಡೆಯುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ, ದಿನಕ್ಕೆ ಎರಡು ಲೋಟ ಸಾಕು. ನಿಮ್ಮ ಅಡುಗೆಮನೆಯಲ್ಲೇ ಒಳ್ಳೆಯ ಪದಾರ್ಥಗಳಿವೆ: ಸಜ್ಜೆ ರೊಟ್ಟಿ, ತೊಗರಿ, ಹುರುಳಿ, ಎಳ್ಳು, ಸೊಪ್ಪು. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ. ಮಾಂಸ ತಿನ್ನುವವರಾದರೆ ವಾರಕ್ಕೊಮ್ಮೆ ಕಾಳಿಜ ಕೊಡಿ. ಆದರೆ ಕೊರತೆ ಇದೆಯೆಂದು ಖಚಿತವಾದರೆ ಆಹಾರವೊಂದೇ ಸಾಲದು, ಕಬ್ಬಿಣದ ಮಾತ್ರೆ ಬೇಕೇ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕು. ಸುಸ್ತು ಹೋಯಿತೆಂದು ನಡುವೆ ಬಿಟ್ಟವರು ಮುಂದಿನ ಗ್ರೂಪ್ ಬರೆಯುವ ಹೊತ್ತಿಗೆ ಮತ್ತೆ ಅದೇ ಸ್ಥಿತಿಗೆ ಬರುತ್ತಾರೆ.

ಪ್ರಶ್ನೆ: ಗ್ರೂಪ್ ಒಂದರ ಮೂರು ಪತ್ರಿಕೆಗಳಲ್ಲೂ 40ರ ಮೇಲೆ ಬಂದಿದೆ, ಆದರೂ ಫೇಲ್. ಇದು ಎರಡನೇ ಸಲ. ಮೂರು ವಾರದಿಂದ ನಿದ್ರೆಯಿಲ್ಲ, ಊಟ ಸೇರುವುದಿಲ್ಲ, ಪುಸ್ತಕ ಮುಟ್ಟಲು ಮನಸ್ಸಿಲ್ಲ. ಊರಲ್ಲಿ ಯಾರಾದರೂ ಎದುರಾದರೆ 'ಸಿ.ಎ. ಆಯಿತಾ?' ಎಂದೇ ಕೇಳುತ್ತಾರೆ. ಇದ್ದು ಏನು ಪ್ರಯೋಜನ ಅನಿಸುತ್ತಿದೆ. – ಹೆಸರು, ಊರು ಬೇಡ

ಉತ್ತರ: ನಿಮ್ಮ ಕೊನೆಯ ವಾಕ್ಯಕ್ಕೆ ಮೊದಲ ಉತ್ತರ. ಇಂದೇ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ. ಹಗಲೂ ರಾತ್ರಿಯೂ ಇದೆ, ಉಚಿತ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಜೊತೆಗೆ ಮನೆಯಲ್ಲಿ ನೀವು ನಂಬುವ ಒಬ್ಬರಿಗೆ, ಈ ಪತ್ರದಲ್ಲಿ ಬರೆದಷ್ಟೇ ನೇರವಾಗಿ, ಇವತ್ತೇ ಹೇಳಿ. ಸಾಯುವ ಯೋಚನೆ ಬಲವಾದರೆ ಒಬ್ಬರೇ ಇರಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಎರಡು ವಾರಕ್ಕೂ ಹೆಚ್ಚು ದಿನ ನಿದ್ರೆ, ಹಸಿವು, ಆಸಕ್ತಿ ಮೂರೂ ಕೈಕೊಟ್ಟಿದ್ದರೆ ಅದು ಬರೀ ಬೇಸರವಲ್ಲ, ಖಿನ್ನತೆಯಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ಗುಣವಾಗುತ್ತದೆ. ಮನೋವೈದ್ಯರು ಮಾತ್ರೆ ಕೊಟ್ಟರೆ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ತಾಳ್ಮೆ ಬೇಕು.

ಈಗ ಫಲಿತಾಂಶದ ಮಾತು. ಪ್ರತಿ ಪತ್ರಿಕೆಯಲ್ಲಿ 40, ಗ್ರೂಪ್‌ನ ಒಟ್ಟು ಅಂಕದಲ್ಲಿ ಶೇ 50, ಎರಡೂ ಬಂದರೆ ಮಾತ್ರ ಪಾಸು ಎಂಬುದು ಪರೀಕ್ಷೆ ನಡೆಸುವ ಸಂಸ್ಥೆಯ ನಿಯಮ. ನೀವು ಮೂರರಲ್ಲೂ 40 ದಾಟಿದ್ದೀರಿ. ಕೊರತೆ ಒಟ್ಟು ಅಂಕದ್ದು. 'ಫೇಲ್' ಎಂದು ಬರೆದ ಕಾಗದದಲ್ಲೇ ನಿಮಗೆ ವಿಷಯ ಗೊತ್ತಿದೆ ಎಂಬ ಸಾಕ್ಷಿಯೂ ಇದೆ. ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ ನಡೆಯುತ್ತದೆ, ಒಂದು ಅವಕಾಶ ತಪ್ಪಿದರೆ ಇನ್ನೊಂದು ನಾಲ್ಕು ತಿಂಗಳಲ್ಲಿ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಫಲಿತಾಂಶ ಬಂದ ಮರುದಿನವೇ ಮುಂದಿನ ಫಾರಂ ತುಂಬಿ ವಿಶ್ರಾಂತಿಯೇ ಇಲ್ಲದೆ ಕೂರುವವರಿದ್ದಾರೆ. ನೀವು ಮುಂದಿನ ಅವಕಾಶ ಬಿಟ್ಟು ಅದರ ಮುಂದಿನದಕ್ಕೆ ಕೂತರೂ ಏನೂ ಕಳೆದುಕೊಳ್ಳುವುದಿಲ್ಲ.

ಊರವರಿಗೊಂದು ಮಾತು: ಸಿ.ಎ. ಓದುವ ಹುಡುಗ ಎದುರಾದರೆ ಊಟವಾಯಿತೇ ಎಂದು ಕೇಳಿ. ಪಾಸಾದರೆ ಅವನೇ ಬಂದು ಹೇಳುತ್ತಾನೆ.

ಪ್ರಶ್ನೆ: ಹೈದರಾಬಾದ್‌ನಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಾ ಫೈನಲ್‌ಗೆ ಓದುತ್ತಿದ್ದೇನೆ. ಹಗಲೆಲ್ಲ ಲ್ಯಾಪ್‌ಟಾಪ್, ರಾತ್ರಿ ಹಾಸಿಗೆಯಲ್ಲಿ ಮೊಬೈಲ್‌ನಲ್ಲಿ ಪಾಠದ ವಿಡಿಯೊ. ಕುತ್ತಿಗೆ ನೋವು, ಕಣ್ಣುರಿ, ಬಲಗೈ ಬೆರಳುಗಳಲ್ಲಿ ಜೋಮು. – ಓದುಗ, ಗದ್ವಾಲ್

ಉತ್ತರ: ಬಾಗಿದ ಕುತ್ತಿಗೆಗೆ ತಲೆಯ ಭಾರ ಹಲವು ಪಟ್ಟು ಹೆಚ್ಚಾಗಿ ಬೀಳುತ್ತದೆ. ಲ್ಯಾಪ್‌ಟಾಪನ್ನು ದಪ್ಪ ಸ್ಟಡಿ ಮೆಟೀರಿಯಲ್ ಪುಸ್ತಕಗಳ ಮೇಲಿಟ್ಟು ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತನ್ನಿ, ಬೇರೆ ಕೀಬೋರ್ಡ್ ಬಳಸಿ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಮಲಗಿಕೊಂಡು ವಿಡಿಯೊ ನೋಡುವುದನ್ನು ಪೂರ್ತಿ ಬಿಡಿ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ಕನ್ನಡಕದ ನಂಬರ್ ಪರೀಕ್ಷಿಸಿ ಎಷ್ಟು ದಿನವಾಯಿತು? ಮೊದಲು ಅದನ್ನು ಮಾಡಿಸಿ.

ಬೆರಳಿನ ಜೋಮು ಕುತ್ತಿಗೆಯ ನರದಿಂದಲೂ ಮಣಿಕಟ್ಟಿನಲ್ಲಿ ನರ ಒತ್ತಿದರೂ ಬರುತ್ತದೆ. ವೈದ್ಯರು ಮುಟ್ಟಿ ನೋಡಿಯೇ ಹೇಳಬೇಕು. ಪೆನ್ನು ಜಾರುವುದು, ಹಿಡಿತ ಸಡಿಲಾಗುವುದು, ನಡೆಯುವಾಗ ಕಾಲು ತೊಡರುವುದು ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಮುಗಿಯಲೆಂದು ಕಾಯಬೇಡಿ. ಮೂರು ಗಂಟೆ ಕೈಯಲ್ಲೇ ಬರೆಯಬೇಕಾದ ಪರೀಕ್ಷೆ ಇದು, ಕೈಯನ್ನು ಕಾಪಾಡಿಕೊಳ್ಳಿ.

ಪ್ರಶ್ನೆ: ಹಾಸ್ಟೆಲ್ ಗೆಳೆಯ ನಿದ್ರೆ ಬಾರದಂತೆ ಒಂದು ಮಾತ್ರೆ, ಪರೀಕ್ಷೆಯ ದಿನ ಎದೆ ಬಡಿತ ಮತ್ತು ಕೈನಡುಕ ನಿಲ್ಲಲು ಇನ್ನೊಂದು ಮಾತ್ರೆ ಕೊಡುತ್ತೇನೆ ಎನ್ನುತ್ತಾನೆ. ತೆಗೆದುಕೊಳ್ಳಲೇ? – ವಿದ್ಯಾರ್ಥಿ, ನಾರಾಯಣಪೇಟೆ

ಉತ್ತರ: ಎರಡೂ ಬೇಡ. ನಿದ್ರೆ ತಡೆಯುವ ಮಾತ್ರೆಗಳು ನಿರ್ದಿಷ್ಟ ಕಾಯಿಲೆಗಳಿಗೆ ವೈದ್ಯರು ಬರೆದುಕೊಡುವಂಥವು. ತಲೆನೋವು, ಚಡಪಡಿಕೆ, ಅಪರೂಪಕ್ಕೆ ತೀವ್ರ ಚರ್ಮರೋಗವನ್ನೂ ತರುತ್ತವೆ. ಎಚ್ಚರವಾಗಿರಿಸುತ್ತವೆಯೇ ಹೊರತು ನಿದ್ರೆ ಮಾಡುವ ಕೆಲಸವನ್ನು ಮಾಡುವುದಿಲ್ಲ. ಎರಡನೆಯದು ಬಹುಶಃ ಪ್ರೊಪ್ರನೊಲಾಲ್. ಉಬ್ಬಸ ಇರುವವರಿಗೆ ಅದು ಪ್ರಾಣಾಪಾಯ. ನಾಡಿಬಡಿತ ನಿಧಾನವಿರುವವರು ತಲೆತಿರುಗಿ ಬೀಳಬಹುದು.

ಪರೀಕ್ಷಾ ಕೊಠಡಿಯಲ್ಲಿ ಎದೆ ಬಡಿದುಕೊಂಡರೆ ನಾಲ್ಕು ಎಣಿಸುತ್ತಾ ಉಸಿರೆಳೆದು, ಆರೇಳು ಎಣಿಸುತ್ತಾ ನಿಧಾನವಾಗಿ ಬಿಡಿ. ಐದು ನಿಮಿಷ ಸಾಕು. ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲೇ ಇದನ್ನು ಮಾಡಬಹುದು. ಪರೀಕ್ಷೆಯಿಲ್ಲದ ದಿನವೂ ನಡುಕ, ಬೆವರು, ತೂಕ ಇಳಿತ ಇದ್ದರೆ ಥೈರಾಯ್ಡ್ ನೋಡಿಸಿ.

ಪ್ರಶ್ನೆ: ಮೇ ತಿಂಗಳಲ್ಲಿ ಪರೀಕ್ಷೆ, ಕೇಂದ್ರ ಹೈದರಾಬಾದ್. ಹೋದ ಸಲ ಬಿಸಿಲಲ್ಲಿ ಹೋಗಿ ಕೂತ ಮೇಲೆ ತಲೆಸುತ್ತು ಬಂತು. ಊಟ ಏನು ಮಾಡಬೇಕು? – ವಿದ್ಯಾರ್ಥಿನಿ, ಉಟ್ಕೂರ್

ಉತ್ತರ: ಬಸ್ಸಾಗಲಿ, ಮಕ್ತಲ್ ಮೇಲೆ ಹಾದುಹೋಗುವ ಕಾಚಿಗುಡ ರೈಲಾಗಲಿ, ಪರೀಕ್ಷೆಯ ದಿನವೇ ಹೊರಡಬೇಡಿ. 40 ಡಿಗ್ರಿ ದಾಟುವ ಬಿಸಿಲಲ್ಲಿ ಅರ್ಧ ದಿನ ಪ್ರಯಾಣಿಸಿದರೆ ದೇಹದ ನೀರು, ಉಪ್ಪು ಎರಡೂ ಇಳಿಯುತ್ತವೆ. ಮೊದಲ ಪತ್ರಿಕೆಗೆ ಎರಡು ದಿನ ಮುಂಚೆ ತಲುಪಿ.

ಕೊಠಡಿಯಲ್ಲಿ ಮೂತ್ರಕ್ಕೆ ಹೋಗಬೇಕಾದೀತೆಂದು ಹುಡುಗಿಯರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ತಲೆಸುತ್ತಿಗೆ ಅದೇ ಕಾರಣವಿರಬಹುದು. ಬೆಳಗಿನಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ, ಮೂತ್ರ ತಿಳಿಹಳದಿ ಇದ್ದರೆ ಸಾಕಾಗಿದೆಯೆಂದು ತಿಳಿಯಿರಿ. ಮಧ್ಯಾಹ್ನ 1ರ ನಂತರ ಗುಟುಕು ಗುಟುಕಾಗಿ ಸಾಕು. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಬೆವರು ಹೆಚ್ಚಿದ್ದರೆ ಒ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಸಿಗದಿದ್ದರೆ 1 ಲೀಟರ್ ನೀರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಹಾ ಚಮಚದ ಅಳತೆಯಲ್ಲಿ.

ಊಟ 12 ಗಂಟೆಯೊಳಗೆ ಮುಗಿಯಲಿ: ಒಂದೋ ಎರಡೋ ಜೋಳದ ರೊಟ್ಟಿ, ಬೇಳೆ, ಪಲ್ಯ, ಮೊಸರು. ತಟ್ಟೆ ತುಂಬ ಅನ್ನ, ಬಿರಿಯಾನಿ, ಬಜ್ಜಿ ಪರೀಕ್ಷೆಗಳು ಮುಗಿದ ಮೇಲೆ. ಮುಟ್ಟು ಮುಂದೂಡಲು ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಹೊಟ್ಟೆನೋವು ನಿಮಗೆ ದೊಡ್ಡ ತೊಂದರೆಯಾದರೆ ತಿಂಗಳ ಮುಂಚೆಯೇ ವೈದ್ಯರನ್ನು ಕಂಡು ಹೊಂದುವ ಮಾತ್ರೆ ಬರೆಸಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗನಿಗೆ 29 ವರ್ಷ. ಕೆಲಸ ಮಾಡುತ್ತಲೇ ಸಿ.ಎಫ್.ಎ. (ಹಣಕಾಸು ವಿಶ್ಲೇಷಕರ ಪರೀಕ್ಷೆ) ಮೊದಲ ಹಂತ ಪಾಸಾದ. ಬಿಡುವು ಕೊಡದೆ ಎರಡು, ಮೂರನೇ ಹಂತವನ್ನೂ ಮುಗಿಸುತ್ತೇನೆ ಎನ್ನುತ್ತಾನೆ. ವರ್ಷದಲ್ಲಿ 8 ಕೆ.ಜಿ. ಏರಿದ್ದಾನೆ, ಬಿ.ಪಿ. 142/94 ಇದೆ. – ಒಬ್ಬ ತಂದೆ, ಮಕ್ತಲ್

ಉತ್ತರ: ಒಂದೊಂದು ಹಂತಕ್ಕೆ 300 ಗಂಟೆ ಓದು ಬೇಕೆಂದು ಆ ಪರೀಕ್ಷೆ ನಡೆಸುವ ಸಂಸ್ಥೆಯೇ ಹೇಳುತ್ತದೆ. ಮೂರು ಹಂತಕ್ಕೆ 900. ಕೆಲಸದ ಜೊತೆ ಅಷ್ಟು ಗಂಟೆ ಹೊಂದಿಸುವವರು ಮೊದಲು ಬಿಡುವುದು ನಡಿಗೆ, ಆಮೇಲೆ ಮನೆ ಊಟ, ಕೊನೆಗೆ ನಿದ್ರೆ. ತೂಕ, ಬಿ.ಪಿ. ಎರಡೂ ಏರುವ ದಾರಿ ಅದೇ.

ಒಂದೇ ಅಳತೆಯಿಂದ ಬಿ.ಪಿ. ಕಾಯಿಲೆ ಎನ್ನಲಾಗದು. ಚಹಾ, ಕಾಫಿ, ಸಿಗರೇಟು ಆದ ಅರ್ಧ ಗಂಟೆಯ ನಂತರ, ಐದು ನಿಮಿಷ ಸುಮ್ಮನೆ ಕೂತು, ಒಂದು ವಾರ ಬೆಳಿಗ್ಗೆ ಸಂಜೆ ಅಳೆದು ಬರೆದಿಡಲಿ. ಆಸ್ಪತ್ರೆಯಲ್ಲಿ ಮತ್ತೆ ಮತ್ತೆ 140/90 ಅಥವಾ ಹೆಚ್ಚು, ಮನೆಯಲ್ಲಿ ಸರಾಸರಿ 135/85 ಅಥವಾ ಹೆಚ್ಚು ಬಂದರೆ ಚಿಕಿತ್ಸೆ ಬೇಕು. ಸಕ್ಕರೆ, ಕೊಬ್ಬು, ಮೂತ್ರಪಿಂಡದ ಪರೀಕ್ಷೆಗಳೂ ಆಗಲಿ. ಗೊರಕೆ ಜೋರಾಗಿದ್ದು ಹಗಲಲ್ಲಿ ತೂಕಡಿಸಿದರೆ ಅದನ್ನೂ ವೈದ್ಯರಿಗೆ ಹೇಳಲಿ. ಉಪ್ಪು ದಿನಕ್ಕೆ ಒಂದು ಚಹಾ ಚಮಚದೊಳಗೆ, ಉಪ್ಪಿನಕಾಯಿಯೂ ಆ ಲೆಕ್ಕದಲ್ಲೇ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ. ಪಾಠದ ಆಡಿಯೊ ಕೇಳುತ್ತಾ ನಡೆದರೂ ಆದೀತು. ಎರಡನೇ ಹಂತವನ್ನು ಆರು ತಿಂಗಳು ತಡವಾಗಿ ಬರೆದರೆ ಮೊದಲ ಹಂತದ ಪಾಸು ರದ್ದಾಗುವುದಿಲ್ಲ.

ಓದುವ ಎಲ್ಲರಿಗೂ ನನ್ನದೊಂದು ವಿನಂತಿ. ಮುಂದಿನ ಹಂತದ ಫಾರಂ ತುಂಬುವ ವಾರದಲ್ಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್, ಬಿ.ಪಿ., ತೂಕ, ದೃಷ್ಟಿ ಈ ನಾಲ್ಕನ್ನು ನೋಡಿಸಿಕೊಳ್ಳಿ. ಅರ್ಧ ದಿನದ ಕೆಲಸ. ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಗೊತ್ತಾದ ರಕ್ತಹೀನತೆಯನ್ನು ಸರಿಪಡಿಸಬಹುದು, ನಾಲ್ಕು ದಿನವಿರುವಾಗ ಗೊತ್ತಾದರೆ ಯಾವ ವೈದ್ಯನೂ ಏನೂ ಮಾಡಲಾರ.